ಬೀಗ ಬದಲಾಯಿಸುವ ಅಧಿಕಾರ ಯಾರದು?

(ಗಿರಣಿ ಕಾರ್ಮಿಕರು ಹಾಗೂ ಸಣ್ಣ ವರ್ತಕರ ಕೂಡುಸಭೆಯಲ್ಲಿ ಪಕ್ಷದ ಸಂಘಟಕರು ಮಾಡಿದ ಭಾಷಣ)



ಕೂಲಿಯ ದರ, ಬೋನಸ್ಸು, ಅಂಗಡಿ ಬಾಡಿಗೆ, ತೆರಿಗೆ ಇವುಗಳ ಬಗ್ಗೆ ಮಾತನಾಡಲು ನಾವು ಅನೇಕ ಸಲ ಸೇರಿದ್ದೇವೆ. ಈ ದಿನದ ವಿಷಯ ಅವುಗಳಿಗಿಂತ ಸಣ್ಣದೆಂದು ಮೇಲುನೋಟಕ್ಕೆ ತೋರಬಹುದು. ಮೊಬೈಲಿನಲ್ಲಿ ಲಾಗಿನ್ ಆಗುವುದಿಲ್ಲ, ಒಟಿಪಿ ಬರುವುದಿಲ್ಲ, ಪಾಸ್‌ವರ್ಡಿನ ಅವಧಿ ಮುಗಿಯಿತು ಅನ್ನುತ್ತದೆ, ಮುಖ ತೋರಿಸು ಅನ್ನುತ್ತದೆ. ಇಷ್ಟಕ್ಕೆಲ್ಲ ಒಂದು ಸಭೆಯೆ ಎಂದು ಯಾರಾದರೂ ನಕ್ಕಾರು.

ನಗುವ ಮೊದಲು ಸ್ವಲ್ಪ ಯೋಚಿಸಬೇಕು. ನಮ್ಮ ಕೂಲಿಯಲ್ಲಿ ಹಿಡಿದಿಟ್ಟ ಹಣ, ನಮ್ಮ ಪಡಿತರ, ನಮ್ಮ ಪಿಂಚಣಿ, ನಮ್ಮ ಸರಕು ಸಾಗಿಸುವ ರಹದಾರಿ, ಇವೆಲ್ಲ ಈಗ ಒಂದು ಬಾಗಿಲ ಹಿಂದೆ ಕೂತಿವೆ. ಲಾಗಿನ್ ಎಂದರೆ ಆ ಬಾಗಿಲಿನ ಬೀಗದ ಕೈ. ಒಳಗಿರುವ ಸ್ವತ್ತು ನಮ್ಮದು. ಬೀಗ ಮಾತ್ರ ಬೇರೆಯವರದು. ಅವರು ಯಾವಾಗ ಬೇಕಾದರೂ ಬೀಗ ಬದಲಾಯಿಸುತ್ತಾರೆ. ಹೊಸ ಕೈ ಕೊಡುವ ಮೊದಲು ನಿನ್ನ ಹೆಸರೇನು, ನಂಬರೇನು, ಬೆರಳು ಒತ್ತು, ಮುಖ ತೋರಿಸು ಎನ್ನುತ್ತಾರೆ. ಸ್ವತ್ತಿನ ಒಡೆಯನೇ ತನ್ನ ಬಾಗಿಲಲ್ಲಿ ಕಳ್ಳನ ಹಾಗೆ ನಿಲ್ಲಬೇಕಾಗಿದೆ. ಆದ್ದರಿಂದ ಇದು ಸಣ್ಣ ವಿಷಯವಲ್ಲ.

ಮೊದಲು ಗಿರಣಿ ಕಾರ್ಮಿಕರ ಮಾತು. ಪಿ.ಎಫ್. ಎಂದು ನಾವು ಕರೆಯುವ ಭವಿಷ್ಯನಿಧಿ ೧೯೫೨ರ ಕಾಯಿದೆಯಿಂದ ಬಂದದ್ದು. ಮೂಲ ಸಂಬಳ ಮತ್ತು ತುಟ್ಟಿಭತ್ಯೆಯಲ್ಲಿ ನೂರಕ್ಕೆ ೧೨ರಂತೆ ಕಾರ್ಮಿಕನ ಸಂಬಳದಿಂದ ಹಿಡಿಯುತ್ತಾರೆ. ಮಾಲೀಕನೂ ಅಷ್ಟೇ ಕಟ್ಟಬೇಕು. ಮಾಲೀಕನ ಪಾಲಿನಲ್ಲಿ ನೂರಕ್ಕೆ ೮.೩೩ರಷ್ಟು ಪಿಂಚಣಿಗೆ ಹೋಗುತ್ತದೆ. ಇದು ಯಾರ ದಾನವೂ ಅಲ್ಲ. ಬೆವರು ಹರಿಸಿ ದುಡಿದದ್ದು, ಕೈಗೆ ಬರುವ ಮೊದಲೇ ಕಟ್ಟಿಟ್ಟದ್ದು.

೨೦೧೪ರಲ್ಲಿ ಪ್ರತಿಯೊಬ್ಬ ಸದಸ್ಯನಿಗೂ ೧೨ ಅಂಕಿಯ ಒಂದೇ ನಂಬರು, ಯುಎಎನ್ ಎಂಬುದು, ಬಂತು. ಒಳ್ಳೆಯದನ್ನು ಒಳ್ಳೆಯದೆನ್ನಬೇಕು. ಒಂದು ಗಿರಣಿ ಬಿಟ್ಟು ಇನ್ನೊಂದಕ್ಕೆ ಹೋದರೂ ನಂಬರು ಜೊತೆಯಲ್ಲೇ ಬರುತ್ತದೆ. ಮಾಲೀಕ ಹಣ ಕಟ್ಟಿದನೆ ಇಲ್ಲವೆ ಎಂದು ಕಾರ್ಮಿಕ ತಾನೇ ನೋಡಬಹುದು. ಗುಮಾಸ್ತನ ಮುಂದೆ ಕೈಕಟ್ಟಿ ನಿಲ್ಲುವ ಕಾಲ ಹೋಯಿತು ಎಂದುಕೊಂಡೆವು.

ಆಮೇಲೆ ಬೀಗದ ಮೇಲೆ ಬೀಗ ಬಿತ್ತು. ಸಾಮಾಜಿಕ ಭದ್ರತಾ ಸಂಹಿತೆಯ ೧೪೨ನೇ ವಿಧಿಯನ್ನು ೨೦೨೧ರ ಮೇ ತಿಂಗಳಲ್ಲಿ ಜಾರಿಗೆ ತಂದರು. ಆಧಾರ್ ಜೋಡಣೆಯಾಗದ ಕಾರ್ಮಿಕನ ಲೆಕ್ಕಕ್ಕೆ ಮಾಲೀಕ ಹಣ ಕಟ್ಟುವಂತೆಯೇ ಇಲ್ಲ, ಜೂನ್ ೧ರಿಂದ ಇದೇ ಕ್ರಮ ಎಂದರು. ಕೊರೋನಾದ ಎರಡನೇ ಅಲೆಯಲ್ಲಿ ಜನ ಆಸ್ಪತ್ರೆ ಬಾಗಿಲಲ್ಲಿದ್ದ ದಿನಗಳು ಅವು. ಕೂಗೆದ್ದ ಮೇಲೆ ಗಡುವನ್ನು ಸೆಪ್ಟೆಂಬರ್ ೧ಕ್ಕೆ ಮುಂದೂಡಿದರು. ೨೦೨೫ರ ಆಗಸ್ಟ್ ೧ರಿಂದ ಹೊಸದಾಗಿ ಕೆಲಸಕ್ಕೆ ಸೇರುವವನು ಉಮಂಗ್ ಎಂಬ ಆ್ಯಪಿನಲ್ಲಿ ಮುಖ ತೋರಿಸಿಯೇ ಯುಎಎನ್ ಪಡೆಯಬೇಕೆಂದರು. ಅದಕ್ಕೆ ಕ್ಯಾಮರಾ ಇರುವ ಸ್ಮಾರ್ಟ್‌ಫೋನು ಬೇಕು, ಇಂಟರ್ನೆಟ್ಟು ಬೇಕು, ಅದನ್ನು ನಡೆಸುವ ಓದುಬರಹವೂ ಬೇಕು. ಮೂಟೆ ಹೊರುವ ಕೆಲಸಕ್ಕೆ ಬಂದವನಲ್ಲಿ ಇವೆಲ್ಲ ಇರಲೇಬೇಕೆಂದು ಯಾರು ತೀರ್ಮಾನಿಸಿದರು?

ಒಬ್ಬ ಕಾರ್ಮಿಕನನ್ನು ಊಹಿಸಿಕೊಳ್ಳಿ. ಆಧಾರಿನಲ್ಲಿ ಅವನ ಹೆಸರು ಮಲ್ಲಪ್ಪ. ಗಿರಣಿಯ ದಾಖಲೆಯಲ್ಲಿ ಮಲ್ಲೇಶಪ್ಪ. ಹಟ್ಟಿಯಲ್ಲಿ ಎರಡೂ ಹೆಸರಿಗೆ ಓ ಅನ್ನುವವನು ಒಬ್ಬನೇ. ಯಂತ್ರಕ್ಕೆ ಮಾತ್ರ ಇಬ್ಬರು. ಹಿಂದೆ ಕೊಟ್ಟ ಮೊಬೈಲ್ ನಂಬರಿಗೆ ಕೆಲವು ತಿಂಗಳು ರೀಚಾರ್ಜ್ ಮಾಡಲಿಲ್ಲ, ಸಿಮ್ ಹೋಯಿತು, ನಂಬರು ಇನ್ಯಾರದೋ ಪಾಲಾಯಿತು. ಈಗ ಮಗಳ ಮದುವೆಗೆ ಹಣ ಬೇಕು. ಒಟಿಪಿ ಹೋಗುವುದು ಹಳೆಯ ನಂಬರಿಗೆ. ನಂಬರು ತಿದ್ದಿಸಲು ಒಂದು ದಿನದ ಕೂಲಿ, ಹೆಸರು ತಿದ್ದಿಸಲು ಇನ್ನೊಂದು ದಿನದ ಕೂಲಿ, ಸೈಬರ್ ಅಂಗಡಿಯವನಿಗೆ ಅವನ ಕೂಲಿ. ಇಷ್ಟಾದ ಮೇಲೂ ಸರ್ವರ್ ಇಲ್ಲ, ನಾಳೆ ಬಾ! ಲಂಚ ಕೇಳುವ ಅಧಿಕಾರಿಯಾಗಿದ್ದರೆ ಅವನ ಮುಖ ನೋಡಿ ಜಗಳವಾದರೂ ಆಡಬಹುದಿತ್ತು. ಸರ್ವರಿನ ಜೊತೆ ಜಗಳವಾಡುವುದು ಹೇಗೆ?

ಬೆರಳಿನ ವಿಷಯವೂ ಹೀಗೆಯೆ. ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಬೇಕು. ನೂಲು ಎಳೆದು, ಸುಣ್ಣ ಕಲಸಿ, ಭಟ್ಟಿಯ ಮುಂದೆ ಮಂಡಕ್ಕಿ ಹುರಿದು ಸವೆದ ಬೆರಳಿಗೆ ಗೆರೆ ಎಲ್ಲಿಂದ ಬರಬೇಕು? ದುಡಿದ ಕೈಯನ್ನು ಗುರುತಿಸಲಾರದ ಯಂತ್ರ ದುಡಿಯದ ಕೈಯನ್ನು ಥಟ್ಟನೆ ಗುರುತಿಸುತ್ತದೆ. ಇದು ವಿಜ್ಞಾನದ ತಪ್ಪಲ್ಲ. ಯಾರ ಕೈಯನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಳೆ ಮಾಡಿದರು ಎಂಬುದೇ ಪ್ರಶ್ನೆ.

ಇನ್ನು ವರ್ತಕ ಮಿತ್ರರ ಮಾತು. ೫೦,೦೦೦ ರೂಪಾಯಿಗೆ ಮೀರಿದ ಸರಕು ಸಾಗಿಸಲು ಇ-ವೇ ಬಿಲ್ ಬೇಕೆಂಬ ನಿಯಮ ೨೦೧೮ರ ಏಪ್ರಿಲ್ ೧ರಂದು ದೇಶದಲ್ಲಿ ಜಾರಿಗೆ ಬಂತು. ಬೇರೆ ರಾಜ್ಯಕ್ಕೆ ಹೋಗುವ ಸರಕಿಗಷ್ಟೇ ಅಲ್ಲ, ರಾಜ್ಯದೊಳಗಿನ ಸಾಗಾಣಿಕೆಗೂ ಅಂದಿನಿಂದಲೇ ಅದನ್ನು ಅನ್ವಯಿಸಿದ ಮೊದಲ ರಾಜ್ಯ ನಮ್ಮದೇ. ಮೊದಲು ಹೆಸರು, ಪಾಸ್‌ವರ್ಡ್ ಇದ್ದರೆ ಸಾಕಾಗಿತ್ತು. ಆಮೇಲೆ ಒಟಿಪಿಯೂ ಬೇಕೆಂದರು. ೨೦೨೫ರ ಜನವರಿ ೧ರಿಂದ ೨೦ ಕೋಟಿಗೆ ಮೀರಿದ ವಹಿವಾಟಿನವರಿಗೆ, ಫೆಬ್ರವರಿ ೧ರಿಂದ ೫ ಕೋಟಿಗೆ ಮೀರಿದವರಿಗೆ, ಏಪ್ರಿಲ್ ೧ರಿಂದ ಉಳಿದ ಎಲ್ಲರಿಗೂ. ದೊಡ್ಡವರಿಂದ ಆರಂಭಿಸಿ ಸಣ್ಣವರ ಕಡೆಗೆ ಬಂದದ್ದು ಸರಿಯಾದ ಕ್ರಮವೇ. ಆದರೆ ದೊಡ್ಡ ಕಂಪನಿಯಲ್ಲಿ ಲೆಕ್ಕಕ್ಕೊಬ್ಬ, ಲಾರಿಗೊಬ್ಬ, ಕಂಪ್ಯೂಟರಿಗೊಬ್ಬ ಇರುತ್ತಾನೆ. ನಮ್ಮ ವರ್ತಕ ತಕ್ಕಡಿ ಹಿಡಿಯುವವನೂ ತಾನೇ, ಲೆಕ್ಕ ಬರೆಯುವವನೂ ತಾನೇ. ನೋಂದಣಿ ಮಾಡಿಸುವಾಗ ಆಡಿಟರ ಮೊಬೈಲ್ ನಂಬರು ಕೊಟ್ಟವರು ಎಷ್ಟು ಮಂದಿಯಿಲ್ಲ! ಲಾರಿ ಗೋಡೌನಿನ ಮುಂದೆ ನಿಂತಿದೆ, ಹಮಾಲರು ಕಾಯುತ್ತಿದ್ದಾರೆ. ಒಟಿಪಿ ಆಡಿಟರಿಗೆ ಹೋಗಿದೆ. ಆಡಿಟರು ಯಾರದೋ ಮದುವೆಯ ಪಂಕ್ತಿಯಲ್ಲಿ ಕೂತಿದ್ದಾರೆ.

ಇಲ್ಲಿ ಒಂದು ಮಾತನ್ನು ಸ್ಪಷ್ಟ ಮಾಡಬೇಕು. ಬೀಗವೇ ಬೇಡವೆಂದು ನಾವು ಹೇಳುತ್ತಿಲ್ಲ. ಕಳ್ಳರಿದ್ದಾರೆ. ದಿನ ಬೆಳಗಾದರೆ ಖಾತೆಯಿಂದ ಹಣ ಹೋದ ಸುದ್ದಿ ಬರುತ್ತದೆ. ಒಂದು ಪಾಸ್‌ವರ್ಡಿಗಿಂತ ಎರಡು ಕಾವಲು ಮೇಲೆಂಬುದು ನಿಜ. ನಮ್ಮ ಪ್ರಶ್ನೆ ಎರಡೇ. ಬೀಗ ಬದಲಾಯಿಸಬೇಕೆಂದು ತೀರ್ಮಾನಿಸುವಾಗ ಸ್ವತ್ತಿನ ಒಡೆಯನನ್ನು ಯಾಕೆ ಕೇಳುವುದಿಲ್ಲ? ಬದಲಾವಣೆಯ ಖರ್ಚು, ಕಷ್ಟ, ದಂಡ ಇವೆಲ್ಲ ಕೈಯಲ್ಲಿ ಕಾಸಿಲ್ಲದವನ ತಲೆಯ ಮೇಲೆಯೇ ಯಾಕೆ ಬೀಳುತ್ತದೆ?

ನಮ್ಮ ಚಳವಳಿಯ ಚರಿತ್ರೆ ತಿಳಿದವರಿಗೆ ಇದು ಹೊಸ ಪ್ರಶ್ನೆಯಲ್ಲ. ೧೯೫೧ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದ್ದು ಯಾತಕ್ಕೆ? ಗೇಣಿ ಅಳೆಯುವ ಕೊಳಗ ಒಡೆಯರ ಕೈಯಲ್ಲಿತ್ತು. ಅದರ ಗಾತ್ರವನ್ನು ಅವರೇ ದೊಡ್ಡದು ಮಾಡಿಕೊಂಡಿದ್ದರು. ಬೆಳೆದವನು ಅಳತೆಯ ಬಗ್ಗೆ ಬಾಯಿ ತೆರೆಯುವಂತಿರಲಿಲ್ಲ. ಡಾಕ್ಟರ್ ಲೋಹಿಯಾ ಅಲ್ಲಿಗೆ ಬಂದು ಸೆರೆಯಾದರು. ಆಗ ಕೊಳಗ, ಈಗ ಲಾಗಿನ್. ಅಳೆಯುವ ಸಾಧನ ಯಾರ ಕೈಯಲ್ಲಿದೆಯೋ ಅವನೇ ಒಡೆಯನಾಗುತ್ತಾನೆ. ಕೇಳುವವನಿಲ್ಲದಿದ್ದರೆ ಅವನ ಕೊಳಗ ದೊಡ್ಡದಾಗುತ್ತಲೇ ಹೋಗುತ್ತದೆ.

ಇನ್ನು ಎರಡನೆಯ ಸಂಗತಿ. ಬಾಗಿಲು ತೆರೆಯಲು ಅವರು ಕೇಳುವ ಬೆಲೆ ಏನು? ನಮ್ಮ ವಿವರ. ಇದನ್ನು ಖಾಸಗಿತನದ ಪ್ರಶ್ನೆ ಎನ್ನುತ್ತಾರೆ. ಖಾಸಗಿತನ ಶ್ರೀಮಂತರ ಬಂಗಲೆಯ ಕಾಂಪೌಂಡು ಗೋಡೆ, ಬಡವನಿಗೆ ಬಚ್ಚಿಡಲು ಏನಿದೆ ಎಂದು ಕೆಲವರು ಕೇಳುತ್ತಾರೆ. ಬಡವನಿಗೇ ಬಚ್ಚಿಡಬೇಕಾದ್ದು ಹೆಚ್ಚು. ಯಾರ ಹತ್ತಿರ ಸಾಲ ಮಾಡಿದ್ದಾನೆ, ಮನೆಯಲ್ಲಿ ಯಾರಿಗೆ ಕ್ಷಯವಿದೆ, ಯಾವ ಸಂಘದ ಸಭೆಗೆ ಹೋದ, ಮುಷ್ಕರದ ಹಿಂದಿನ ರಾತ್ರಿ ಯಾರಿಗೆ ಫೋನು ಮಾಡಿದ, ಇವು ಮಾಲೀಕನ ಕಿವಿಗೆ ಬಿದ್ದರೆ ಶ್ರೀಮಂತನ ಕೆಲಸ ಹೋಗುವುದಿಲ್ಲ, ಕಾರ್ಮಿಕನದು ಹೋಗುತ್ತದೆ.

ಕೊಟ್ಟ ವಿವರ ಕೊಟ್ಟ ಜಾಗದಲ್ಲೇ ಇರುತ್ತದೆಯೆ? ಆಧಾರ್ ವಿವರಗಳನ್ನು ನೋಡುವ ಬಾಗಿಲು ೫೦೦ ರೂಪಾಯಿಗೆ ಸಿಕ್ಕಿತೆಂದು ೨೦೧೮ರ ಜನವರಿಯಲ್ಲಿ ಚಂಡೀಗಢದ ಟ್ರಿಬ್ಯೂನ್ ಪತ್ರಿಕೆ ವರದಿ ಮಾಡಿತು. ಆಧಾರ್ ಪ್ರಾಧಿಕಾರ ಅದನ್ನು ನಿರಾಕರಿಸಿತು. ಅಷ್ಟೇ ಅಲ್ಲ, ಅದು ಕೊಟ್ಟ ಪೊಲೀಸ್ ದೂರಿನಲ್ಲಿ ವರದಿ ಬರೆದ ಪತ್ರಕರ್ತೆಯ ಹೆಸರೂ ಸೇರಿತು. ೨೦೨೩ರಲ್ಲಿ ನಮ್ಮ ರಾಜ್ಯದಲ್ಲೇ, ಮಂಗಳೂರಿನ ಕಡೆ, ಆಸ್ತಿ ನೋಂದಣಿ ಮಾಡಿಸಿದ ಜನರ ಬ್ಯಾಂಕ್ ಖಾತೆಯಿಂದ ಹಣ ಹೋದ ದೂರುಗಳು ಬಂದವು. ನೋಂದಣಿ ಪತ್ರದ ಮೇಲಿನ ಹೆಬ್ಬೆಟ್ಟಿನ ಗುರುತು ಮತ್ತು ಆಧಾರ್ ನಂಬರನ್ನು ನಕಲು ಮಾಡಿ ಹಣ ತೆಗೆದದ್ದು ತನಿಖೆಯಲ್ಲಿ ಹೊರಬಂತು. ಅಂಥ ಪತ್ರಗಳಲ್ಲಿ ಬೆರಳ ಗುರುತನ್ನು ಮರೆಮಾಡುವ ಕ್ರಮವನ್ನು ಸರ್ಕಾರ ಆಮೇಲೆ ಕೈಗೊಂಡಿತು. ಪಾಸ್‌ವರ್ಡ್ ಕಳವಾದರೆ ಬೇರೆ ಪಾಸ್‌ವರ್ಡ್ ಇಟ್ಟುಕೊಳ್ಳಬಹುದು. ಹೆಬ್ಬೆಟ್ಟು ಕಳವಾದರೆ ಬೇರೆ ಹೆಬ್ಬೆಟ್ಟನ್ನು ಎಲ್ಲಿಂದ ತರೋಣ? ಮುಖ ಕಳವಾದರೆ ಬೇರೆ ಮುಖ ಯಾರು ಕೊಡುತ್ತಾರೆ?

ಒಂದು ಕೆಲಸಕ್ಕೆ ಕೊಟ್ಟ ವಿವರ ಇನ್ನೊಂದು ಕೆಲಸಕ್ಕೆ ಹೋಗುವುದನ್ನು ವರ್ತಕರು ೨೦೨೫ರ ಜುಲೈನಲ್ಲಿ ಕಂಡರು. ಯುಪಿಐ ಮೂಲಕ ಹಣ ಪಡೆಯಿರಿ, ಚಿಲ್ಲರೆಯ ತಂಟೆಯಿಲ್ಲ ಎಂದು ಎಲ್ಲರೂ ಉಪದೇಶ ಮಾಡಿದರು. ಬೇಕರಿಯವರು, ತರಕಾರಿಯವರು, ಹಾಲಿನವರು ಬೋರ್ಡು ತೂಗುಹಾಕಿದರು. ಆಮೇಲೆ ವಾಣಿಜ್ಯ ತೆರಿಗೆ ಇಲಾಖೆ ಅದೇ ಲೆಕ್ಕವನ್ನು ಯುಪಿಐ ಕಂಪನಿಗಳಿಂದ ತರಿಸಿ, ೨೦೨೧-೨೨ರಿಂದೀಚಿನ ಮೊತ್ತ ನೋಡಿ ನೋಟೀಸು ಕಳುಹಿಸಿತು. ಸರಕಿನ ವ್ಯಾಪಾರಕ್ಕೆ ವರ್ಷಕ್ಕೆ ೪೦ ಲಕ್ಷ, ಸೇವೆಗೆ ೨೦ ಲಕ್ಷ ಮೀರಿದರೆ ನೋಂದಣಿ ಬೇಕೆಂಬುದು ಕಾನೂನು. ತೆರಿಗೆ ತಪ್ಪಿಸುವುದನ್ನು ನಾವು ಸಮರ್ಥಿಸುವುದಿಲ್ಲ. ಶಾಲೆ, ಆಸ್ಪತ್ರೆ ನಡೆಯಬೇಕಾದರೆ ತೆರಿಗೆ ಬೇಕು. ಆದರೆ ಖಾತೆಗೆ ಬಂದದ್ದೆಲ್ಲ ವ್ಯಾಪಾರವಲ್ಲ. ತಮ್ಮ ಕಳುಹಿಸಿದ ಕೈಗಡವೂ ಅದರಲ್ಲಿರುತ್ತದೆ. ಹಾಲು, ತರಕಾರಿಗೆ ತೆರಿಗೆಯೇ ಇಲ್ಲ. ಬೆಂಗಳೂರಿನ ಅಂಗಡಿಗಳಲ್ಲಿ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಬೋರ್ಡುಗಳು ಎದ್ದವು. ವರ್ತಕರು ಬಂದ್ ಮಾಡುತ್ತೇವೆಂದಾಗ, ಜುಲೈ ೨೩ರಂದು, ಮುಖ್ಯಮಂತ್ರಿಗಳು ಅವರನ್ನು ಕರೆದು ಮಾತನಾಡಿ, ನೋಂದಣಿ ಮಾಡಿಕೊಂಡರೆ ಹಳೆಯ ಬಾಕಿ ವಸೂಲು ಮಾಡುವುದಿಲ್ಲವೆಂದರು. ಈ ಮಾತುಕತೆಯನ್ನು ನೋಟೀಸಿಗೆ ಮೊದಲೇ ಮಾಡಿದ್ದರೆ ಆಗುತ್ತಿರಲಿಲ್ಲವೆ?

ಖಾಸಗಿ ಕಂಪನಿಗಳು ಇನ್ನೂ ಒಂದು ಹೆಜ್ಜೆ ಮುಂದೆ. ೨೦೨೧ರ ಜನವರಿಯಲ್ಲಿ ವಾಟ್ಸ್‌ಆ್ಯಪ್ ತೆರೆದವರಿಗೆಲ್ಲ ಒಂದು ಸೂಚನೆ ಬಂತು: ನಮ್ಮ ಹೊಸ ಷರತ್ತು ಒಪ್ಪಿ, ಫೆಬ್ರವರಿ ೮ರೊಳಗೆ, ಇಲ್ಲವಾದರೆ ಬಾಗಿಲು ಬಂದ್. ಜನ ಸಿಟ್ಟಾಗಿ ಬೇರೆ ಆ್ಯಪುಗಳ ಕಡೆ ಹೊರಟ ಮೇಲೆ ಗಡುವು ಮೇ ೧೫ಕ್ಕೆ ಹೋಯಿತು. ಕಾನೂನು ಬಿಗಿಯಾಗಿರುವ ಯೂರೋಪಿನ ಜನರ ವಿವರ ಹಂಚುವ ಕ್ರಮ ಬದಲಾಗುವುದಿಲ್ಲವೆಂದು ಅದೇ ಕಂಪನಿ ಅಲ್ಲಿ ಹೇಳಿತು. ಒಂದೇ ಆ್ಯಪು, ಎರಡು ನ್ಯಾಯ! ಕೊನೆಗೆ ೨೦೨೪ರ ನವೆಂಬರಿನಲ್ಲಿ ನಮ್ಮ ದೇಶದ ಸ್ಪರ್ಧಾ ಆಯೋಗ, ಒಪ್ಪು ಇಲ್ಲವೆ ಬಿಡು ಎಂಬ ಈ ನೀತಿಗಾಗಿ ಅದರ ಒಡೆತನದ ಮೆಟಾ ಕಂಪನಿಗೆ ೨೧೩.೧೪ ಕೋಟಿ ರೂಪಾಯಿ ದಂಡ ಹಾಕಿತು. ಬಲವಂತದ ಒಪ್ಪಿಗೆ ಒಪ್ಪಿಗೆಯಲ್ಲ ಎಂಬುದು ಇದರ ತಾತ್ಪರ್ಯ. ಹಳ್ಳಿಯಲ್ಲಿ ಸಾಹುಕಾರ ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದನ್ನು ನೋಡಿದ ನಮಗೆ ಇದನ್ನು ಯಾರೂ ಪಾಠ ಹೇಳಬೇಕಾಗಿಲ್ಲ.

ಕಾನೂನು ನಮ್ಮ ಕಡೆ ಎಷ್ಟಿದೆ? ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ೨೦೧೨ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. ಅವರ ಮೊಕದ್ದಮೆಯಲ್ಲಿ ೨೦೧೭ರ ಆಗಸ್ಟ್ ೨೪ರಂದು ಒಂಬತ್ತು ಮಂದಿ ನ್ಯಾಯಾಧೀಶರು ಒಕ್ಕೊರಲಿನಿಂದ ಖಾಸಗಿತನ ಮೂಲಭೂತ ಹಕ್ಕೆಂದು ಹೇಳಿದರು. ೨೦೧೮ರ ಸೆಪ್ಟೆಂಬರ್ ೨೬ರ ತೀರ್ಪು ಬ್ಯಾಂಕ್ ಖಾತೆಗೂ ಸಿಮ್ಮಿಗೂ ಆಧಾರ್ ಕಡ್ಡಾಯ ಮಾಡುವುದನ್ನು ತಳ್ಳಿಹಾಕಿತು. ಸರ್ಕಾರದ ಸಹಾಯಧನ, ಪಡಿತರಗಳಿಗೆ ಉಳಿಸಿತು. ೨೦೨೩ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆ ಬಂತು. ಅದರ ನಿಯಮಗಳು ೨೦೨೫ರ ನವೆಂಬರಿನಲ್ಲಿ ಹೊರಬಿದ್ದವು. ಮುಖ್ಯ ಕಟ್ಟಳೆಗಳಿಗೆ ಆಗಿನಿಂದ ೧೮ ತಿಂಗಳ ಅವಧಿ ಕೊಟ್ಟರು. ಅದರಲ್ಲಿ ಎರಡು ಒಳ್ಳೆಯ ಮಾತುಗಳಿವೆ. ಒಪ್ಪಿಗೆ ಕೇಳುವ ನೋಟೀಸನ್ನು ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ, ಅಂದರೆ ಕನ್ನಡದಲ್ಲೂ, ಓದುವ ಹಕ್ಕು ನಮಗಿದೆ. ಕೊಟ್ಟ ಒಪ್ಪಿಗೆಯನ್ನು ಕೊಟ್ಟಷ್ಟೇ ಸುಲಭವಾಗಿ ಹಿಂದೆ ಪಡೆಯುವಂತಿರಬೇಕು.

ಆದರೆ ಅದೇ ಕಾಯಿದೆಯ ಹಿಂಬಾಗಿಲನ್ನೂ ನೋಡಬೇಕು. ಸರ್ಕಾರ ತನಗೆ ಬೇಕಾದ ಸಂಸ್ಥೆಗಳಿಗೆ ವಿನಾಯಿತಿ ಕೊಡಬಹುದು. ಉದ್ಯೋಗದ ಕೆಲವು ಕಾರಣಗಳಿಗೆ ಮಾಲೀಕ ನೌಕರನ ಒಪ್ಪಿಗೆಯಿಲ್ಲದೆಯೇ ವಿವರ ಬಳಸಬಹುದು. ಇದರ ಜೊತೆಗೆ ಮಾಹಿತಿ ಹಕ್ಕಿನ ಕಾಯಿದೆಗೂ ತಿದ್ದುಪಡಿ ತಂದು, ವೈಯಕ್ತಿಕ ಎಂಬ ಹೆಸರಿನಲ್ಲಿ ಅಧಿಕಾರಿಗಳ ಕಡತ ಮುಚ್ಚುವುದನ್ನು ಸುಲಭ ಮಾಡಿದರು. ಜನರ ಮನೆಗೆ ಗಾಜಿನ ಗೋಡೆ, ಸರ್ಕಾರದ ಕಚೇರಿಗೆ ಕಲ್ಲಿನ ಗೋಡೆ. ಪ್ರಜಾರಾಜ್ಯದಲ್ಲಿ ಇದು ತಿರುಗುಮುರುಗಾಗಿರಬೇಕಿತ್ತು.

ಇಷ್ಟೆಲ್ಲ ಕೇಳಿ ನಮ್ಮಿಂದೇನಾದೀತು ಎಂದು ಕೈಚೆಲ್ಲಬೇಕಾಗಿಲ್ಲ. ೨೦೧೬ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ, ಪಿ.ಎಫ್.ನಲ್ಲಿ ಮಾಲೀಕನ ಪಾಲನ್ನು ೫೮ ವರ್ಷದವರೆಗೆ ತೆಗೆಯುವಂತಿಲ್ಲ ಎಂದು ನಿಯಮ ಮಾಡಿತು. ಏಪ್ರಿಲ್ ೧೮ ಮತ್ತು ೧೯ರಂದು ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಗಳ ಹೆಣ್ಣುಮಕ್ಕಳು ಹೊಲಿಗೆ ಯಂತ್ರ ನಿಲ್ಲಿಸಿ ಸಾವಿರ ಸಾವಿರ ಸಂಖ್ಯೆಯಲ್ಲಿ ರಸ್ತೆಗಿಳಿದರು. ಲಾಠಿಯನ್ನೂ ಅಶ್ರುವಾಯುವನ್ನೂ ಕಂಡರು. ೧೯ರಂದೇ ಸರ್ಕಾರ ಆ ನಿಯಮ ಹಿಂತೆಗೆದುಕೊಂಡಿತು. ೨೦೨೫ರ ನವೆಂಬರ್ ೨೮ರಂದು, ಸಂಚಾರ್ ಸಾಥಿ ಎಂಬ ಸರ್ಕಾರಿ ಆ್ಯಪನ್ನು ಪ್ರತಿ ಹೊಸ ಮೊಬೈಲಿನಲ್ಲೂ ಮೊದಲೇ ಹಾಕಿರಬೇಕೆಂದು ದೂರಸಂಪರ್ಕ ಇಲಾಖೆ ಕಂಪನಿಗಳಿಗೆ ಆಜ್ಞೆ ಕೊಟ್ಟಿತು. ಸುದ್ದಿ ಹೊರಬಿದ್ದು ದೇಶದ ತುಂಬ ಗದ್ದಲವೆದ್ದಿತು. ಡಿಸೆಂಬರ್ ೩ಕ್ಕೆ ಕಡ್ಡಾಯ ರದ್ದಾಯಿತು. ಬೀಗ ಬದಲಾಯಿಸುವವನ ಕೈಯನ್ನು ಹಿಡಿದು ನಿಲ್ಲಿಸಬಹುದು. ಒಬ್ಬೊಬ್ಬರೇ ಸೈಬರ್ ಅಂಗಡಿಯ ಸಾಲಿನಲ್ಲಿ ಗೊಣಗಿದರೆ ಆಗುವುದಿಲ್ಲ. ಕೂಡಿ ನಿಂತರೆ ಆಗುತ್ತದೆ.

ಆದ್ದರಿಂದ ಈ ಸಭೆಯ ಮುಂದೆ ಐದು ಬೇಡಿಕೆಗಳ ಠರಾವನ್ನು ಇಡುತ್ತಿದ್ದೇವೆ.

ಒಂದು: ಕೂಲಿ, ಪಿಂಚಣಿ, ಪಡಿತರ, ತೆರಿಗೆಗೆ ಸಂಬಂಧಿಸಿದ ಯಾವುದೇ ಲಾಗಿನ್ ಕ್ರಮವನ್ನು ಬದಲಾಯಿಸುವ ಮೊದಲು ಮೂರು ತಿಂಗಳ ಮುನ್ಸೂಚನೆಯನ್ನು ಕನ್ನಡದಲ್ಲಿ, ಗಿರಣಿ ಗೇಟಿನಲ್ಲಿಯೂ ಪಂಚಾಯಿತಿ ಕಚೇರಿಯಲ್ಲಿಯೂ ಅಂಟಿಸತಕ್ಕದ್ದು.

ಎರಡು: ಯಂತ್ರ ಒಪ್ಪದಿದ್ದವನಿಗೆ ಮನುಷ್ಯ ಒಪ್ಪುವ ದಾರಿ ಇರತಕ್ಕದ್ದು. ಕಾಗದಪತ್ರ ನೋಡಿ ಅಂದೇ ಬಾಗಿಲು ತೆರೆಯುವ ಅಧಿಕಾರವುಳ್ಳ ಅಧಿಕಾರಿ ಪ್ರತಿ ತಾಲ್ಲೂಕಿನಲ್ಲೂ ಕೂರತಕ್ಕದ್ದು.

ಮೂರು: ಲಾಗಿನ್ ಆಗಲಿಲ್ಲವೆಂಬ ಕಾರಣಕ್ಕೆ ಯಾರ ಹಣವೂ ತಡೆಯಕೂಡದು, ಯಾರಿಗೂ ದಂಡ ಬೀಳಕೂಡದು. ಸರ್ವರ್ ಇಲ್ಲವೆಂದು ವಾಪಸು ಕಳುಹಿಸುವವರು ಅದನ್ನು ಬರೆದುಕೊಡತಕ್ಕದ್ದು.

ನಾಲ್ಕು: ಕೇಳುವ ಪ್ರತಿ ವಿವರಕ್ಕೂ ಕಾರಣ ಹೇಳತಕ್ಕದ್ದು. ಒಂದು ಕೆಲಸಕ್ಕೆ ಪಡೆದ ವಿವರವನ್ನು ಜನರಿಗೆ ತಿಳಿಸದೆ ಇನ್ನೊಂದಕ್ಕೆ ಬಳಸಕೂಡದು.

ಐದು: ಹೊಸ ಕ್ರಮ ತರುವ ಮೊದಲು ಕಾರ್ಮಿಕ ಸಂಘಗಳ, ವರ್ತಕರ ಸಂಘಗಳ ಪ್ರತಿನಿಧಿಗಳ ಅಭಿಪ್ರಾಯ ಕೇಳತಕ್ಕದ್ದು.

ಠರಾವು ಪಾಸಾಗುವವರೆಗೆ ಸುಮ್ಮನೆ ಕೂರುವುದಲ್ಲ. ನಮ್ಮ ಕೈಯಲ್ಲಿ ಆಗುವುದನ್ನು ನಾವೂ ಮಾಡಬೇಕು. ಪಿ.ಎಫ್.ಗೆ, ಬ್ಯಾಂಕಿಗೆ, ಆಧಾರಿಗೆ ಯಾವ ಮೊಬೈಲ್ ನಂಬರು ಕೊಟ್ಟಿದ್ದೀರಿ ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಆ ಸಿಮ್ ಬಿಡಬೇಡಿ. ವರ್ತಕರು ನೋಂದಣಿಯಲ್ಲಿ ಆಡಿಟರ ನಂಬರಿದ್ದರೆ ತಮ್ಮದಕ್ಕೆ ಬದಲಾಯಿಸಿಕೊಳ್ಳಿ. ಆಧಾರ್ ಪ್ರತಿ ಕೇಳಿದ ಕಡೆಯೆಲ್ಲ ಪೂರ್ತಿ ನಂಬರು ಕೊಡಬೇಡಿ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಪ್ರತಿಯೂ ಸಿಗುತ್ತದೆ. ಬೆರಳ ಗುರುತಿಗೆ ಬೀಗ ಹಾಕುವ ಅನುಕೂಲವನ್ನು ಆಧಾರ್ ಪ್ರಾಧಿಕಾರವೇ ಕೊಟ್ಟಿದೆ. ಹಾಕಿಟ್ಟು, ಬೇಕಾದಾಗ ತೆರೆಯಿರಿ. ಪ್ರತಿ ಭಾನುವಾರ ಬೆಳಿಗ್ಗೆ ಸಂಘದ ಕಚೇರಿಯಲ್ಲಿ ನಮ್ಮ ಹುಡುಗರು ಈ ಕೆಲಸಗಳನ್ನು ತೋರಿಸಿಕೊಡಲು ಕೂರುತ್ತಾರೆ. ಕಾಸು ಬೇಡ. ಆದರೆ ಒಂದು ಎಚ್ಚರಿಕೆ: ಒಟಿಪಿಯನ್ನು ಅವರಿಗೂ ಹೇಳಬೇಡಿ, ನಮಗೂ ಹೇಳಬೇಡಿ. ನಿಮ್ಮ ಬೆರಳಿನಿಂದ ನೀವೇ ಒತ್ತಿ.

ಲಾಗಿನ್ ಆಗದೆ ಹಣ ನಿಂತವರು, ಪಡಿತರ ತಪ್ಪಿದವರು, ದಂಡ ಕಟ್ಟಿದವರು ತಾರೀಖಿನ ಸಮೇತ ಒಂದು ಚೀಟಿಯಲ್ಲಿ ಬರೆದು ಸಂಘಕ್ಕೆ ಕೊಡಿ. ಒಂದು ಚೀಟಿಯನ್ನು ಅಧಿಕಾರಿ ಮೇಜಿನಿಂದ ಊದಿಬಿಡಬಹುದು. ಸಾವಿರ ಚೀಟಿಯ ಕಟ್ಟನ್ನು ಊದಲಾರ. ಆ ಕಟ್ಟನ್ನು ಹೊತ್ತು ಜಿಲ್ಲಾಧಿಕಾರಿಗಳ ಕಚೇರಿಗೆ ನಾವೆಲ್ಲ ಒಟ್ಟಿಗೆ ಹೋಗೋಣ.

ಸ್ವತ್ತು ನಮ್ಮದಾದ ಮೇಲೆ ಬೀಗದ ಕೈಯೂ ನಮ್ಮ ಸೊಂಟದಲ್ಲಿರಬೇಕು. ನಾವು ಕೇಳುವುದಿಷ್ಟೇ.